ಲಕ್ಕವಳ್ಳಿಯ ಟ್ರಂಕಿನಲ್ಲೊಂದು ಲಡಾಯಿ

ಭದ್ರೆಯ ಹಿನ್ನೀರು ಬೇಸಗೆಯಲ್ಲಿ ಹಿಂದೆ ಸರಿಯತೊಡಗಿತೆಂದರೆ ಲಕ್ಕವಳ್ಳಿಯ ಮೇಲುಭಾಗದಲ್ಲಿ ಮುಳುಗಿದ್ದ ನೆಲ ಒಂದೊಂದಾಗಿ ಕಾಣಿಸಿಕೊಳ್ಳುತ್ತದೆ. ಮೊದಲು ನಡುಗಡ್ಡೆಗಳು. ಅವುಗಳ ಬೋಳು ನೆತ್ತಿಯ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದಿಳಿದು, ಕಲ್ಲು ಮರಳಿನ ನಡುವೆಯೇ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ದೋಣಿ ಹತ್ತಿರವಾದರೆ ಸಾಕು, ಇಡೀ ಗಡ್ಡೆಯೇ ಕೂಗುತ್ತ ಮೇಲೇಳುತ್ತದೆ. ನೀರು ಇನ್ನಷ್ಟು ಇಳಿದಾಗ ಅಂಚಿನಲ್ಲಿ ಕಪ್ಪನೆಯ ಮರದ ಬೊಡ್ಡೆಗಳು, ಅವುಗಳಾಚೆ ಸಾಲಾಗಿ ಜೋಡಿಸಿದ ಕಲ್ಲುಗಳು ಕಾಣುತ್ತವೆ. ಅವು ಮನೆಗಳ ಅಡಿಪಾಯ. ಹಕ್ಕಿ ನೋಡಲು ಬಂದವರು ಆ ಕಲ್ಲುಗಳನ್ನು ಗಮನಿಸುವುದಿಲ್ಲ. ಲಕ್ಕವಳ್ಳಿಯ ಹಿರಿಯರು ಮಾತ್ರ ಕೈ ಚಾಚಿ, ಅದು ಇಂಥವರ ಹಟ್ಟಿ, ಇದು ಇಂಥವರ ಕಣ ಎಂದು ತೋರಿಸುತ್ತಾರೆ.

ಅಣೆಕಟ್ಟಿನ ಕೆಲಸ ಶುರುವಾದದ್ದು 1947ರಲ್ಲಿ. ಪೂರ್ತಿಯಾಗಲು ಹದಿನೈದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಈಗ ಮಳೆಗಾಲ ಬಂತೆಂದರೆ ಇಲ್ಲಿಂದ ದಾವಣಗೆರೆಯವರೆಗಿನ ರೈತರ ಬಾಯಲ್ಲಿ ಒಂದೇ ಅಂಕಿ: 186 ಅಡಿ. ಅಷ್ಟು ಬಂದರೆ ಜಲಾಶಯ ಭರ್ತಿ. 71.5 ಟಿಎಂಸಿ ನೀರು, ಬಲದಂಡೆ ಎಡದಂಡೆಗಳಲ್ಲಿ ಭತ್ತಕ್ಕೆ, ಅಡಿಕೆಗೆ ಹರಿಯುವ ಜೀವ. ಆ ನೀರಿಗಾಗಿ ಊರು ಬಿಟ್ಟವರಲ್ಲಿ ನನ್ನ ಅಮ್ಮನ ತವರಿನವರೂ ಇದ್ದರು. ನದಿಯ ಮೇಲ್ಗಡೆಯ ಊರೊಂದರಿಂದ ಎತ್ತಿನ ಗಾಡಿಯಲ್ಲಿ ಕಣಜ, ಒನಕೆ, ದೇವರಪೆಟ್ಟಿಗೆ ಹೇರಿಕೊಂಡು ಲಕ್ಕವಳ್ಳಿಗೆ ಬಂದು ನೆಲೆನಿಂತರು. ಆ ಗಾಡಿಯಲ್ಲಿ ಒಂದು ಕಬ್ಬಿಣದ ಟ್ರಂಕೂ ಬಂತು. ಅದು ಮನೆಯಲ್ಲಿ ಎಲ್ಲರೂ ‘ಲಡಾಯಿ ಅಜ್ಜ’ ಎಂದು ಕರೆಯುತ್ತಿದ್ದವರ ಟ್ರಂಕು.

ಲಡಾಯಿ ಅಜ್ಜ ಎಂದರೆ ನನ್ನ ಅಮ್ಮನ ಅಜ್ಜನ ಸ್ವಂತ ತಮ್ಮ. ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು. ಅವರ ಬಗ್ಗೆ ಮನೆಯಲ್ಲಿ ಉಳಿದಿದ್ದದ್ದು ಒಂದೇ ಸಾಲಿನ ಕತೆ: ‘ಸರ್ಕಾರದವರು ಹಿಡ್ಕೊಂಡು ಹೋದ್ರು.’ ಯಾವ ಸರ್ಕಾರ, ಎಲ್ಲಿಗೆ, ಯಾಕೆ ಎಂದು ಕೇಳಿದರೆ ಯಾರಲ್ಲೂ ಉತ್ತರವಿರಲಿಲ್ಲ. ಮಕ್ಕಳಿಲ್ಲದೆ ತೀರಿಕೊಂಡವರ ಕತೆ ಮುಂದುವರಿಸುವವರು ಯಾರು? ಹಾಗೆ ಒಬ್ಬ ಮನುಷ್ಯ ಮೂರು ತಲೆಮಾರಿನಲ್ಲಿ ಕಳೆದುಹೋಗುವುದು ನನಗೆ ಸಹಿಸಲಾಗಲಿಲ್ಲ. ಅವರನ್ನು ನಿಜವಾಗಿಯೂ ಹಿಡಿದುಕೊಂಡು ಹೋದರೇ ಎಂಬ ಪ್ರಶ್ನೆ ಹಿಡಿದು ಕಾಗದಗಳ ಬೆನ್ನು ಹತ್ತಿದೆ.

ಜಗುಲಿಯ ಮೇಲೆ

ಟ್ರಂಕು ಇದ್ದ ಸೋದರಮಾವನ ಮನೆ ಹೆಂಚಿನದು. ಮುಂದೆ ಉದ್ದ ಜಗುಲಿ, ಅಂಗಳದಲ್ಲಿ ಬೇಯಿಸಿ ಒಣಹಾಕಿದ ಅಡಿಕೆಯ ಕೊನೆಯ ಹರವು, ಅದರ ಒಗರು ವಾಸನೆ. ಮಾವನಿಗೆ ಎಂಬತ್ತು ದಾಟಿದೆ. ಅಟ್ಟದಿಂದ ಟ್ರಂಕನ್ನು ಇಳಿಸಿದವನು ಅವರ ಮೊಮ್ಮಗ. ಅತ್ತೆ ಚಾಪೆ ಹಾಸಿ, ಒದ್ದೆ ಬಟ್ಟೆಯಲ್ಲಿ ಮುಚ್ಚಳ ಒರೆಸಿದರು. ಕೊಂಡಿ ತುಕ್ಕು ಹಿಡಿದು ಬಿಗಿದಿತ್ತು, ಕೊಬ್ಬರಿ ಎಣ್ಣೆ ಬಿಟ್ಟು ಕಾಯಬೇಕಾಯಿತು.

ಒಳಗೆ ಮೇಲೆ ಇದ್ದವು ಕಂದಾಯದ ರಸೀದಿಗಳ ಕಟ್ಟುಗಳು, ಬಾಳೆನಾರಿನಲ್ಲಿ ಕಟ್ಟಿದವು. ಅವುಗಳ ಕೆಳಗೆ ಅಣೆಕಟ್ಟಿನ ಪರಿಹಾರದ ಕಾಗದಗಳು. ಪರಿಹಾರ ಪಡೆಯಲು ಬರೆಸಿದ ವಂಶವೃಕ್ಷ ಅಲ್ಲಿತ್ತು. ಶಾನುಭೋಗರ ಮುದ್ದಾದ ಅಕ್ಷರ. ಮೂಲಪುರುಷನಿಂದ ಕೆಳಗಿಳಿದ ಎರಡು ಗೆರೆಗಳಲ್ಲಿ ಒಂದು ಮುಂದೆ ಕವಲೊಡೆದು ನನ್ನ ಅಮ್ಮನವರೆಗೂ ಬರುತ್ತದೆ. ಇನ್ನೊಂದು ಒಂದು ಹೆಸರಿಗೇ ನಿಂತಿದೆ, ಪಕ್ಕದಲ್ಲಿ ‘ನಿಸ್ಸಂತಾನ’ ಎಂದಿದೆ. ಲಡಾಯಿ ಅಜ್ಜನ ನಿಜವಾದ ಹೆಸರು ನಮ್ಮ ಮನೆಯವರಿಗೆ ಮತ್ತೆ ಸಿಕ್ಕಿದ್ದು ಆ ಗೆರೆಯ ತುದಿಯಲ್ಲಿ. ಊರು ಮುಳುಗಿಸಿದ ಯೋಜನೆಯ ಕಡತವೇ ಊರಿನ ಒಬ್ಬನ ಹೆಸರನ್ನು ಉಳಿಸಿಕೊಟ್ಟಿತ್ತು.

ಟ್ರಂಕಿನ ತಳದಲ್ಲಿ, ಹಳದಿಗಟ್ಟಿದ ಮಲ್ಲು ಬಟ್ಟೆಯ ಗಂಟಿನಲ್ಲಿ, ಒಂದು ಪದಕ. ಅಂಗೈ ನಡುವೆ ಕೂರುವಷ್ಟು ಅಗಲ, ಕಂದು ಬಣ್ಣ, ಸಾಕಷ್ಟು ಭಾರ. ಮುಂಭಾಗದಲ್ಲಿ ಐದನೇ ಜಾರ್ಜ್ ದೊರೆಯ ತಲೆ. ಹಿಂದೆ ಕುದುರೆಯೇರಿದ ಬೆತ್ತಲೆ ವೀರ, ಕುದುರೆಯ ಗೊರಸಿನಡಿ ಹದ್ದಿನ ಗುರಾಣಿ, ಅಂಚಿನಲ್ಲಿ 1914, 1918. ರಿಬ್ಬನಿನ ಚೂರೊಂದು ಕೊಂಡಿಗೆ ಅಂಟಿಕೊಂಡಿತ್ತು, ನಡುವೆ ಕಿತ್ತಳೆ, ಅಂಚಿಗೆ ಬಿಳಿ, ಕಪ್ಪು, ನೀಲಿ.

“ಹಿತ್ತಾಳೇದು ಅಂತ ಹುಣಸೆಹಣ್ಣು ಹಾಕಿ ಉಜ್ಜೋರು ಹಬ್ಬದಲ್ಲಿ. ನಮ್ಮಮ್ಮನೇ ಉಜ್ಜಿದಾರೆ” ಎಂದರು ಮಾವ.

ಅದೇ ನಷ್ಟವಾಗಿತ್ತು. ಬ್ರಿಟಿಷ್ ವಾರ್ ಮೆಡಲ್ ಎಂಬ ಈ ಪದಕದ ಜೀವ ಇರುವುದು ಮುಖದಲ್ಲೂ ಅಲ್ಲ, ಬೆನ್ನಲ್ಲೂ ಅಲ್ಲ, ಅಂಚಿನ ದಪ್ಪದಲ್ಲಿ. ಪಡೆದವನ ನಂಬರು, ದರ್ಜೆ, ಹೆಸರು, ದಳ ಎಲ್ಲವನ್ನೂ ಅಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಹುಣಸೆಹುಳಿ ವರ್ಷ ವರ್ಷವೂ ಒಂದಿಷ್ಟು ತಿಂದುಹಾಕಿದೆ. ಬಿಸಿಲಿಗೆ ಹಿಡಿದು, ಓರೆ ಮಾಡಿ, ಭೂತಗನ್ನಡಿಯಲ್ಲಿ ನೋಡಿದಾಗ ಹೆಸರಿನ ಅರ್ಧ ಕಂಡಿತು, ಹಿಂದೆ ‘ಸೈಸ್’ ಎಂಬ ದರ್ಜೆ, ಮುಂದೆ ‘ಮೈಸೂರ್ ಐ.ಎಸ್. ಲ್ಯಾನ್ಸರ್ಸ್’. ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್, ಅಂದರೆ ನಮ್ಮ ಮಹಾರಾಜರ ಕುದುರೆ ಸವಾರರ ದಳ. ಅಜ್ಜ ಆ ದಳದ ಸವಾರರಲ್ಲ, ಕುದುರೆಗಳ ಆರೈಕೆ ಮಾಡುವ ಸೈಸರು.

ಪದಕದ ಲೋಹವೂ ಅದನ್ನೇ ಸಾರುತ್ತಿತ್ತು. ಬಂದೂಕು, ಭರ್ಜಿ ಹಿಡಿದವರಿಗೆ ಕೊಟ್ಟ ಇದೇ ಪದಕ ಬೆಳ್ಳಿಯದು. ಕೂಲಿ ದಳದವರಿಗೆ, ಹೊರೆಯಾಳುಗಳಿಗೆ, ಸೈಸರಂಥ ಚಾಕರಿಯವರಿಗೆ ಕೊಟ್ಟದ್ದು ಕಂಚಿನದು. ಒಂದೇ ಮರಳಲ್ಲಿ ನಡೆದವರು, ಒಂದೇ ಗುಂಡಿನ ಸದ್ದಿಗೆ ಬೆಚ್ಚಿದವರು, ಲೋಹ ಮಾತ್ರ ಬೇರೆ. ಆ ಭೇದವನ್ನು ಕೈಯಲ್ಲಿ ಹಿಡಿದು ನೋಡಿದಾಗ ಸಿಟ್ಟು ಬಂತು. ಆದರೆ ಕಾಣೆಯಾದವರನ್ನು ಹುಡುಕಲು ಅದೇ ಭೇದ ನೆರವಾಯಿತೆಂಬುದೂ ನಿಜ. ಬೆಳ್ಳಿಯಾಗಿದ್ದರೆ ಸವಾರರ ಪಟ್ಟಿಗಳಲ್ಲಿ ಅವರನ್ನು ಹುಡುಕುತ್ತ ವ್ಯರ್ಥವಾಗಿ ಅಲೆಯುತ್ತಿದ್ದೆ.

ರಾಕ್ಷಸ ಸಂವತ್ಸರದ ಕಾಗದ

ಪದಕದ ಗಂಟಿನ ಜೊತೆಗೇ ಮೂರು ಬಗೆಯ ಕಾಗದಗಳಿದ್ದವು. ಒಂದು, ದಳದಿಂದ ಬಿಡುಗಡೆಯಾದಾಗ ಕೊಟ್ಟ ಇಂಗ್ಲಿಷ್ ಚೀಟಿ, ಅರ್ಧಭಾಗ ಹುಳ ತಿಂದದ್ದು. ತಂದೆಯ ಹೆಸರು, ಜಾತಿ, ಎತ್ತರ, ಗುರುತಿನ ಮಚ್ಚೆ, ನಡತೆ ಎಂಬ ಕಾಲಂಗಳು. ಕೆಳಗೆ ಎಡಗೈ ಹೆಬ್ಬೆಟ್ಟಿನ ಗುರುತು, ಗೆರೆಗಳು ಇನ್ನೂ ಎಣಿಸುವಷ್ಟು ಸ್ಪಷ್ಟ. ಜಿಲ್ಲೆಯ ಕಾಲಂನಲ್ಲಿ ‘ಕಡೂರು’ ಎಂದಿತ್ತು. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಇದ್ದ ಹೆಸರು ಅದೇ. ಈ ಭಾಗದ ಹಳೆಯ ದಾಖಲೆ ಹುಡುಕುವವರು ಇದನ್ನು ನೆನಪಿಡಬೇಕು. ಪತ್ರಾಗಾರಗಳ ಸೂಚಿಯಲ್ಲಿ ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕಿದರೆ ಏನೂ ಸಿಗದು. ಕಡೂರು ಜಿಲ್ಲೆ, ತರೀಕೆರೆ ತಾಲ್ಲೂಕು, ಲಕ್ಕವಳ್ಳಿ ಹೋಬಳಿ ಎಂದು ಹೋಗಬೇಕು.

ಎರಡನೆಯದು ಮನಿಆರ್ಡರ್ ಚೀಟಿಗಳು. ಬಹುಪಾಲು ಐದೈದು ರೂಪಾಯಿಯವು. ಮೊದಲನೆಯದು 1916ರದು, ಕೊನೆಯದು 1919ರದು. ನಡುವೆ 1918ರ ಬೇಸಗೆಯಿಂದ ಕೆಲವು ತಿಂಗಳು ಒಂದೂ ಇಲ್ಲ. ಆ ಖಾಲಿ ತಿಂಗಳುಗಳನ್ನು ಕುರಿತು ಮುಂದೆ ಹೇಳುತ್ತೇನೆ.

ಮೂರನೆಯದು ಗಂಡಭೇರುಂಡದ ಮುದ್ರೆಯ ಛಾಪಾಕಾಗದ, ನಾಲ್ಕು ಮಡಿಕೆ, ಮಡಿಕೆಗಳಲ್ಲಿ ಸೀಳಿದ್ದು. ಮಾವ ಅದನ್ನು ಪಕ್ಕಕ್ಕೆ ತೆಗೆದಿಟ್ಟರು. “ಅದು ಲಡಾಯಿದಲ್ಲ, ಜಮೀನಿಂದು” ಎಂದರು. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಅಜ್ಜ ತಮ್ಮ ಪದಕದ ಜೊತೆಗೆ ಅದನ್ನು ಕಟ್ಟಿಟ್ಟದ್ದೇಕೆ?

ಬಿಡಿಸಿ ಓದಿದೆವು. ಅದೊಂದು ಭೋಗ್ಯಪತ್ರ. ರಾಕ್ಷಸ ನಾಮ ಸಂವತ್ಸರದ ಕಾರ್ತಿಕ ಮಾಸದಲ್ಲಿ ಬರೆದದ್ದು. ಸಂವತ್ಸರದ ಚಕ್ರ ಅರವತ್ತು ವರ್ಷಕ್ಕೊಮ್ಮೆ ತಿರುಗುವುದರಿಂದ ಹಳೆಯ ಪತ್ರ ಓದುವಾಗ ಎಚ್ಚರ ಬೇಕು. ರಾಕ್ಷಸ ಎಂದರೆ 1975ರ ಯುಗಾದಿಯಿಂದ ಶುರುವಾದ ವರ್ಷವೂ ಹೌದು, ಅದಕ್ಕೂ ಅರವತ್ತು ವರ್ಷ ಹಿಂದಿನದೂ ಹೌದು. ಗಂಡಭೇರುಂಡದ ಛಾಪಾಕಾಗದ ಇದ್ದುದರಿಂದ ಅನುಮಾನವಿಲ್ಲ. 1915ರ ನವೆಂಬರಿನ ಆಸುಪಾಸು. ಹೊಳೆಯಂಚಿನ ಗದ್ದೆಯನ್ನು 150 ರೂಪಾಯಿಗೆ ಅಣ್ಣತಮ್ಮ ಇಬ್ಬರೂ ಭೋಗ್ಯಕ್ಕೆ ಹಾಕಿದ್ದಾರೆ. ಸಾಲ ಕೊಟ್ಟವನು ಬಡ್ಡಿಯ ಬದಲು ಗದ್ದೆಯ ಬೆಳೆಯನ್ನೇ ಉಣ್ಣುತ್ತಾನೆ. ಅಸಲು ತೀರಿದ ದಿನ ಗದ್ದೆ ವಾಪಸು. ಅಲ್ಲಿಯವರೆಗೆ ಒಡೆಯರೇ ತಮ್ಮ ಗದ್ದೆಯ ಅನ್ನಕ್ಕೆ ಎರವು. ಸಾಕ್ಷಿಗಳ ಸಾಲಿನಲ್ಲಿ ಊರ ಪಟೇಲರ ರುಜು.

ಕಾಗದದ ಬೆನ್ನಿಗೆ ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ ಎರಡು ಸಾಲು. ರೌದ್ರಿ ಸಂವತ್ಸರದ ವೈಶಾಖದಲ್ಲಿ, ಅಂದರೆ 1920ರ ಬೇಸಗೆಯಲ್ಲಿ, ಅಸಲು ಪೂರ್ತಾ ಸಂದಾಯವಾಗಿ ಪತ್ರ ಖುಲಾಸೆಯಾಗಿದೆ.

ತರೀಕೆರೆಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ, ಶೋಧನಾ ಶುಲ್ಕ ಕಟ್ಟಿ, ಹಳೆಯ ಸಂಪುಟದಿಂದ ಅದೇ ಪತ್ರದ ನಕಲು ತೆಗೆಸಿದೆ. ಮಡಿಕೆಗಳಲ್ಲಿ ಸೀಳಿಹೋಗಿದ್ದ ಅಕ್ಷರಗಳು ಅಲ್ಲಿ ಪೂರ್ತಿಯಾಗಿದ್ದವು. ಸಾಲಕ್ಕೆ ಕಾರಣವನ್ನೂ ಬರೆದಿತ್ತು: ಕಂದಾಯದ ಬಾಕಿ, ಎತ್ತಿನ ಖರೀದಿ, ತಂಗಿಯ ಮದುವೆಯ ಖರ್ಚು. ರಿಜಿಸ್ಟರಿನ ಆ ಪುಟದಲ್ಲಿ ಯುದ್ಧದ ಸುದ್ದಿಯೇ ಇಲ್ಲ. ಆದರೂ ಅಜ್ಜ ಯುದ್ಧಕ್ಕೆ ಹೋದ ಕಾರಣ ನನಗೆ ಸಿಕ್ಕಿದ್ದು ಆ ಪುಟದಲ್ಲೇ.

ಹೈಫಾ, ಹರಿತಾನ್, ಮತ್ತು ನೀರು

ಮೈಸೂರು ಲ್ಯಾನ್ಸರ್ಸ್ 1914ರ ಅಕ್ಟೋಬರಿನಲ್ಲಿ ಬೆಂಗಳೂರು ಬಿಟ್ಟು, ಹಡಗೇರಿ ಈಜಿಪ್ಟಿಗೆ ಹೋಯಿತು. ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಸವಾರರ ಜೊತೆ ಸೇರಿ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಎನಿಸಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಆರಂಭದಲ್ಲೇ 50 ಲಕ್ಷ ರೂಪಾಯಿ ಕೊಟ್ಟಿದ್ದರು. ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಸವಾರರು ಸತ್ತಂತೆ, ಕಾಯಿಲೆ ಬಿದ್ದಂತೆ, ಕುದುರೆಗಳು ಸೋತಂತೆ ಊರಿನಿಂದ ಹೊಸಬರು ಹೋಗುತ್ತಲೇ ಇರಬೇಕಿತ್ತು. ಮನಿಆರ್ಡರಿನ ಮೊದಲ ತಾರೀಖು ನೋಡಿದರೆ ನಮ್ಮ ಅಜ್ಜ ಹಾಗೆ ನಡುವೆ ಹೋದವರು. ಲಕ್ಕವಳ್ಳಿ ಕಾಡಿನ ದಾರಿಯಲ್ಲಿ ತರೀಕೆರೆಗೆ ನಡೆದು, ಆಗ ಇನ್ನೂ ಇಪ್ಪತ್ತು ವರ್ಷವೂ ತುಂಬದ ಬೀರೂರು ಶಿವಮೊಗ್ಗ ರೈಲುಹಾದಿಯಲ್ಲಿ ಗಾಡಿ ಹಿಡಿದು, ಬೀರೂರು ದಾಟಿ ಬೆಂಗಳೂರಿಗೆ. ಅಲ್ಲಿಯವರೆಗೆ ಅವರು ನೋಡಿದ್ದ ಅತಿ ದೊಡ್ಡ ನೀರು ಭದ್ರೆಯದು. ಆಮೇಲೆ ಸಮುದ್ರ. ಅದರಾಚೆ ನೀರೇ ಇಲ್ಲದ ಸಿನಾಯ್ ಮರಳುಗಾಡು.

ಆ ಯುದ್ಧವನ್ನು ನೀರು ನಡೆಸಿತೆಂದರೆ ಸುಳ್ಳಲ್ಲ. ನೈಲ್ ನದಿಯ ಸಿಹಿನೀರನ್ನು ಸೋಸಿ, ಸಿನಾಯ್ ಮರಳಿನುದ್ದಕ್ಕೂ ಕೊಳವೆ ಹಾಕಿಸಿಕೊಂಡು ಬ್ರಿಟಿಷ್ ಸೈನ್ಯ ಪ್ಯಾಲೆಸ್ಟೀನಿನತ್ತ ಸಾಗಿತು. ಸಾವಿರಾರು ಕುದುರೆ, ಒಂಟೆ, ಹೇಸರಗತ್ತೆಗಳು. ಕುಡಿಯಲು ನೀರು, ತಿನ್ನಲು ಹುಲ್ಲು ಹೊಂದಿಸದಿದ್ದರೆ ಸವಾರನ ಶೌರ್ಯ ಮರುದಿನಕ್ಕೇ ಮುಗಿಯುತ್ತದೆ. ಆ ಹೊಂದಿಸುವ ಕೆಲಸ ಸೈಸರದು. ಮೈಯುಜ್ಜಿ, ಗೊರಸು ನೋಡಿ, ಜೀನಿನಿಂದಾದ ಹುಣ್ಣಿಗೆ ಮದ್ದು ಹಚ್ಚಿ, ರಾತ್ರಿ ಗೂಟ ಕಾಯ್ದು, ಬೆಳಗಿಗೆ ಕುದುರೆಯನ್ನು ಸವಾರನ ಕೈಗೆ ಕೊಡುವವರು. ಸವಾರ ಕಾದಾಡಿ ಮರಳಿದರೆ ಮತ್ತೆ ಮೊದಲಿನಿಂದ ಶುರು.

“ಅಜ್ಜಂದು ಒಂದು ಕಟ್ಟುನಿಟ್ಟಿತ್ತು ಕಣಪ್ಪ” ಎಂದು ಮಾವ ನೆನೆದರು. “ಗದ್ದೆಯಿಂದ ಬಂದೋರು ಯಾರೇ ಆಗ್ಲಿ, ಎತ್ತಿಗೆ ನೀರು ಕುಡಿಸದೆ ತಾವು ಚೊಂಬು ಮುಟ್ಟಂಗಿಲ್ಲ. ನಾನು ಹುಡುಗ, ಬಿಸಿಲಲ್ಲಿ ಬಂದು ಹಂಡೆಗೆ ಕೈ ಹಾಕಿದ್ದೆ. ಕೈ ಹಿಡ್ಕೊಂಡ್ರು. ಹೊಡೀಲಿಲ್ಲ, ಬೈಲಿಲ್ಲ. ಬಾನಿ ತನಕ ಕರ್ಕೊಂಡು ಹೋಗಿ ಎತ್ತು ಕುಡಿದು ತಲೆ ಎತ್ತೋ ತನಕ ನಿಲ್ಲಿಸ್ಕೊಂಡ್ರು. ಆಮೇಲೆ ತಾವೇ ಚೊಂಬು ತುಂಬಿಸಿ ಕೊಟ್ರು.”

ಲಡಾಯಿಯ ಬಗ್ಗೆ ಒಂದು ಮಾತೂ ಆಡದ ಮನುಷ್ಯ, ತಾನು ಅಲ್ಲಿ ಕಲಿತದ್ದನ್ನು ಹೀಗೆ ಮನೆಯ ಮಕ್ಕಳಿಗೆ ದಾಟಿಸಿದ್ದರು. ನಮ್ಮ ಮನೆಯಲ್ಲಿ ಈಗಲೂ ಮೊದಲ ನೀರು ಕೊಟ್ಟಿಗೆಗೆ. ಅದರ ಮೂಲ ಎಲ್ಲಿಯದೆಂದು ಯಾರೂ ಯೋಚಿಸಿರಲಿಲ್ಲ.

ಮೈಸೂರಿನ ಸವಾರರ ಹೆಸರು ಹೇಳಿದೊಡನೆ ನೆನಪಾಗುವುದು ಹೈಫಾ. 1918ರ ಸೆಪ್ಟೆಂಬರ್ 23ರಂದು ಕಾರ್ಮೆಲ್ ಗುಡ್ಡದ ಇಳಿಜಾರಿನಲ್ಲಿ ಫಿರಂಗಿ, ಮೆಷಿನ್‌ಗನ್ ಹೂಡಿ ಕೂತಿದ್ದ ತುರ್ಕಿ ಸೈನ್ಯದ ಮೇಲೆ ಜೋಧಪುರ ಮತ್ತು ಮೈಸೂರಿನ ಸವಾರರು ಭರ್ಜಿ ಹಿಡಿದು ನುಗ್ಗಿ ಊರನ್ನು ವಶಪಡಿಸಿಕೊಂಡರು. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಕಂಚಿನ ಯೋಧರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ದಳದ ಸ್ಮಾರಕ ಕಂಬವಿದೆ. ದಳದ ಸವಾರಿ ಪರಂಪರೆ 1953ರಲ್ಲಿ ರೂಪುಗೊಂಡ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಗಿ, ಇಂದಿಗೂ ಹೈಫಾ ದಿನದ ಆಚರಣೆ ನಡೆಯುತ್ತದೆ.

ಹೈಫಾದಷ್ಟು ಹೆಸರಾಗದ ಇನ್ನೊಂದು ಕಾಳಗವಿದೆ. ಸಿರಿಯಾದ ಅಲೆಪ್ಪೊ ಬಳಿಯ ಹರಿತಾನ್. 1918ರ ಅಕ್ಟೋಬರ್ 26ರಂದು ಮೈಸೂರು, ಜೋಧಪುರದ ಸವಾರರು ಅಲ್ಲಿ ಹಿಂದೆ ಸರಿಯುತ್ತಿದ್ದ ತುರ್ಕಿ ಪಡೆಯ ಮೇಲೆ ಎರಗಿದರು. ಎದುರು ಸೈನ್ಯದ ನಾಯಕ ಮುಸ್ತಫಾ ಕೆಮಾಲ್, ಮುಂದೆ ಆಧುನಿಕ ತುರ್ಕಿಯನ್ನು ಕಟ್ಟಿದವರು. ಎದುರಾಳಿಗಳ ಸಂಖ್ಯೆ ಊಹೆಗಿಂತ ಬಹಳ ದೊಡ್ಡದಿತ್ತು. ಬ್ರಿಗೇಡಿನ 21 ಮಂದಿ ಸತ್ತರು, ಅದರ ದುಪ್ಪಟ್ಟಿಗಿಂತ ಹೆಚ್ಚು ಮಂದಿ ಗಾಯಗೊಂಡರು. ಐದು ದಿನ ಕಳೆದು, ಅಕ್ಟೋಬರ್ 31ರಂದು ಆ ರಣರಂಗದಲ್ಲಿ ಯುದ್ಧವೇ ನಿಂತಿತು.

ಇವೆರಡಕ್ಕೂ ಮುಂಚಿನ ಬೇಸಗೆಯನ್ನು ಬ್ರಿಗೇಡ್ ಕಳೆದದ್ದು ಜೋರ್ಡಾನ್ ಕಣಿವೆಯಲ್ಲಿ. ಸಮುದ್ರಮಟ್ಟಕ್ಕಿಂತ ಸಾವಿರ ಅಡಿಗೂ ಕೆಳಗಿನ ತಗ್ಗು, ಉಸಿರುಗಟ್ಟಿಸುವ ಧೂಳು, ಸೆಕೆ, ಮೇಲೆ ಮಲೇರಿಯಾ. ಮನಿಆರ್ಡರ್ ನಿಂತಿದ್ದ ಖಾಲಿ ತಿಂಗಳುಗಳು ಇವೇ. ಭದ್ರೆಯ ಕಾಡಿನಂಚಿನಲ್ಲಿ ಹುಟ್ಟಿದವರಿಗೆ ಚಳಿಜ್ವರ ಹೊಸದಲ್ಲ. ಆದರೂ ಅಜ್ಜ ಆ ತಿಂಗಳು ಆಸ್ಪತ್ರೆಯ ಡೇರೆಯಲ್ಲಿ ಮಲಗಿದ್ದಿರಬಹುದು ಎಂಬುದು ನನ್ನ ಊಹೆ. ಅದೇ ಹೊತ್ತಿಗೆ ಇಲ್ಲಿ, ಮೈಸೂರು ಸಂಸ್ಥಾನದ ಊರೂರಲ್ಲಿ ಇನ್‌ಫ್ಲೂಯೆಂಜಾ ಮನೆಮನೆಗಳನ್ನೇ ಬರಿದು ಮಾಡುತ್ತಿತ್ತು. ಅಜ್ಜನ ಹೆಂಡತಿ ತೀರಿಕೊಂಡದ್ದು ಆ ಜ್ವರದಲ್ಲಿ. ಅಜ್ಜನಿಗೆ ಅದು ತಿಳಿದದ್ದು ಊರಿಗೆ ಮರಳಿದ ಮೇಲೇ ಎಂದು ಮಾವ ತಮ್ಮ ತಾಯಿಯಿಂದ ಕೇಳಿದ್ದಾರೆ. ಮತ್ತೆ ಮದುವೆಯಾಗಲಿಲ್ಲ. ವಂಶವೃಕ್ಷದ ಆ ಒಂದು ಗೆರೆ ಅಲ್ಲೇ ನಿಂತದ್ದು ಹೀಗೆ.

ಹಿಡಿದುಕೊಂಡು ಹೋದರೇ?

ಇಂಗ್ಲೆಂಡಿನಲ್ಲಿ 1916ರ ಜನವರಿಯಲ್ಲಿ ಕಡ್ಡಾಯ ಸೈನ್ಯಸೇವೆಯ ಕಾನೂನು ಬಂತು. ಭಾರತೀಯರಿಗೆ ಅಂಥ ಕಾನೂನು ಬರಲಿಲ್ಲ. 1917ರ ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾಯ್ದೆ ಕಡ್ಡಾಯ ಮಾಡಿದ್ದು ಇಲ್ಲಿದ್ದ ಯುರೋಪಿಯನ್ ಬ್ರಿಟಿಷ್ ಪ್ರಜೆಗಳಿಗೆ. ಎರಡನೇ ಮಹಾಯುದ್ಧದಲ್ಲೂ 25 ಲಕ್ಷ ಭಾರತೀಯರು ಸೇರಿದ್ದು ಕಾಗದದ ಮೇಲೆ ಸ್ವಇಚ್ಛೆಯಿಂದಲೇ. ಕುಶಲ ಕಾರ್ಮಿಕರನ್ನು ಯುದ್ಧದ ಕಾರ್ಖಾನೆಗಳಿಗೆ ಕಡ್ಡಾಯವಾಗಿ ಎಳೆದುಕೊಳ್ಳಲು 1940ರಲ್ಲಿ ಒಂದು ಸುಗ್ರೀವಾಜ್ಞೆ ಬಂತು, ಅಷ್ಟೆ. ಹಾಗಾಗಿ ದಾಖಲೆಯ ಪ್ರಕಾರ ನಮ್ಮ ಅಜ್ಜ ತಾವಾಗಿ ಹೆಬ್ಬೆಟ್ಟು ಒತ್ತಿ ಹೋದವರು.

ಮಾವನಿಗೆ ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ. “ಕಾನೂನು ಇರ್ಲಿ ಬಿಡಪ್ಪ. ಪಟೇಲ್ರು ಹೇಳಿದ ಮೇಲೆ ಇಲ್ಲ ಅನ್ನೋ ಎದೆ ಯಾರಿಗಿತ್ತು ಆಗ?”

ಆ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಅಮಲ್ದಾರರ ಮಾತು ಶೇಕದಾರರಿಗೆ, ಶೇಕದಾರರದು ಪಟೇಲರಿಗೆ, ಪಟೇಲರದು ತಳವಾರನ ಬಾಯಲ್ಲಿ ಮನೆಬಾಗಿಲಿಗೆ ಬರುತ್ತಿದ್ದ ಕಾಲ. ಬಿಟ್ಟಿ ಚಾಕರಿ ರೂಢಿಯಲ್ಲಿದ್ದ ಕಾಲ. ಭೋಗ್ಯಪತ್ರಕ್ಕೆ ಸಾಕ್ಷಿ ಹಾಕಿದವರೂ ಪಟೇಲರೇ. ಯಾವ ಮನೆಯಲ್ಲಿ ಗದ್ದೆ ಕೈಬಿಟ್ಟಿದೆ, ಯಾವ ಮನೆಯಲ್ಲಿ ಎರಡು ಗಂಡಾಳುಗಳಿಗೆ ಒಬ್ಬನ ಕೆಲಸವೂ ಇಲ್ಲ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಗೊತ್ತು. ಆಳು ಬೇಕೆಂಬ ಸುದ್ದಿ ಬಂದಾಗ ಅವರು ಮೊದಲು ಯಾರ ಮನೆಯ ಮುಂದೆ ನಿಂತಿರುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಯಾವ ಕಾನೂನೂ ಅವರನ್ನು ಕರೆದೊಯ್ಯಲಿಲ್ಲ. 150 ರೂಪಾಯಿ ಸಾಲ ಕರೆದೊಯ್ದಿತು. ಐದೈದು ರೂಪಾಯಿಯಾಗಿ ಮನೆಗೆ ಬಂದ ಹಣ ಸೇರಿ ಸೇರಿ, ಅವರು ಮರಳಿದ ಬೇಸಗೆಯಲ್ಲೇ ಗದ್ದೆ ಬಿಡಿಸಿತು. ಪದಕದ ಜೊತೆ ಭೋಗ್ಯಪತ್ರ ಕಟ್ಟಿಟ್ಟ ಅಜ್ಜನಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವರಿಗೆ ಅದು ಒಂದೇ ಕತೆಯ ಎರಡು ಕಾಗದ. ನಾವು ಒಂದನ್ನು ಲಡಾಯಿಯದೆಂದೂ ಇನ್ನೊಂದನ್ನು ಜಮೀನಿನದೆಂದೂ ಬೇರೆ ಮಾಡಿದ್ದೆವು. ಮನೆಯವರ ಮಾತೂ ಸರ್ಕಾರದ ದಾಖಲೆಯೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಬಲವಂತ ಆಜ್ಞೆಯ ರೂಪದಲ್ಲೇ ಬರಬೇಕೆಂದಿಲ್ಲ, ಬಡವನ ಮನೆಗೆ ಅದು ಛಾಪಾಕಾಗದದ ರೂಪದಲ್ಲೂ ಬರುತ್ತದೆ.

ಆಗ ಹೀಗೆ ಹೋದವರು ಎಷ್ಟು ಜನ! ಮೊದಲ ಮಹಾಯುದ್ಧದಲ್ಲಿ ಭಾರತದಿಂದ ಸೇರಿಸಿಕೊಂಡ ಸುಮಾರು 14 ಲಕ್ಷ ಮಂದಿಯಲ್ಲಿ 5.6 ಲಕ್ಷಕ್ಕೂ ಹೆಚ್ಚು ಜನ ಆಯುಧ ಹಿಡಿಯದವರು. ಸೈಸರು, ಅಡುಗೆಯವರು, ನೀರು ಹೊರುವವರು, ಡೋಲಿ ಹೊರುವವರು, ಕೂಲಿಗಳು. 1916ರಿಂದಾಚೆ ಜೈಲುಗಳಿಂದಲೂ ಕೈದಿಗಳನ್ನು ಶಿಕ್ಷೆ ಕಡಿತದ ಆಸೆ ತೋರಿಸಿ ಮೆಸಪೊಟೇಮಿಯಾದ ಕೂಲಿಗೆ ಕಳಿಸಿದರು. ಸತ್ತಾಗಲೂ ಇವರ ಹೆಸರು ಕಲ್ಲಿಗೆ ಏರಿದ್ದು ಕಡಿಮೆ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗ 2021ರಲ್ಲಿ ತಾನೇ ಪ್ರಕಟಿಸಿದ ವರದಿಯಲ್ಲಿ ಇದನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಬಹುಪಾಲು ಪೂರ್ವ ಆಫ್ರಿಕಾ ಮತ್ತು ಈಜಿಪ್ಟ್ ಮೂಲದ ಕನಿಷ್ಠ 1,16,000 ಮಂದಿಯನ್ನು ಹೆಸರು ಹಿಡಿದು ಸ್ಮರಿಸಿಲ್ಲ, ಅಥವಾ ಸ್ಮರಿಸಿಯೇ ಇಲ್ಲ ಎಂದು ಆ ವರದಿ ಹೇಳುತ್ತದೆ. ನಮ್ಮ ಅಜ್ಜ ಬದುಕಿ ಬಂದರು. ಅವರ ಪಕ್ಕದ ಗೂಟದಲ್ಲಿ ಕುದುರೆ ಕಟ್ಟುತ್ತಿದ್ದ ಯಾರೋ ಬಾರದೆ ಉಳಿದಿರುತ್ತಾರೆ, ಅವರ ಊರಿನಲ್ಲೂ ಯಾರೋ ದಾರಿ ಕಾಯ್ದಿರುತ್ತಾರೆ.

ಇನ್ನೂ ಬಾಕಿಯಿರುವ ಕೆಲಸ

ಲಕ್ಕವಳ್ಳಿಯ ಸುತ್ತ ಇಂಥ ಟ್ರಂಕುಗಳು ಇನ್ನೂ ಇವೆ. ಪದಕ ತೋರಿಸಿದ ಸುದ್ದಿ ಹರಡಿದ ಮೇಲೆ ಕಾಲುವೆ ಪಕ್ಕದ ಮನೆಯವರೊಬ್ಬರು ತಮ್ಮ ಮುತ್ತಾತನ ಹಳೆಯ ಚೀಟಿ ತಂದು ತೋರಿಸಿದರು. ಅರಣ್ಯದೊಳಗಿನ ಹಳ್ಳಿಗಳಿಂದ ಎಂ.ಸಿ. ಹಳ್ಳಿಯ ಪುನರ್ವಸತಿ ಬಡಾವಣೆಗೆ ಬಂದ ಮನೆಗಳಲ್ಲೂ ಕೇಳಬೇಕಿದೆ. ಒಮ್ಮೆ ಅಣೆಕಟ್ಟಿಗಾಗಿ, ಮತ್ತೊಮ್ಮೆ ಹುಲಿ ಸಂರಕ್ಷಣೆಗಾಗಿ ಎದ್ದುಬಂದ ಜನರ ಈ ಸೀಮೆಯಲ್ಲಿ ಕಾಗದ ಉಳಿದದ್ದೇ ಹೆಚ್ಚು.

ಹುಡುಕಲು ಬಯಸುವವರಿಗೆ ದಾರಿ ಇದೆ. ಪದಕ ಸಿಕ್ಕರೆ ಉಜ್ಜಬೇಡಿ, ಮೆತ್ತನೆಯ ಬಟ್ಟೆಯಲ್ಲಿ ಧೂಳು ಒರೆಸಿ ಅಂಚಿನ ಅಕ್ಷರ ಓದಿ, ಫೋಟೊ ತೆಗೆದಿಡಿ. ಲೋಹ ಬೆಳ್ಳಿಯೋ ಕಂಚೋ ನೋಡಿ. ಆದರೆ ರೆಕ್ಕೆಯ ದೇವತೆಯಿರುವ ವಿಕ್ಟರಿ ಮೆಡಲ್ ಎಲ್ಲರಿಗೂ ಕಂಚಿನದೇ, ಅದನ್ನು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಸತ್ತವರಾದರೆ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಈಜಿಪ್ಟ್, ಪ್ಯಾಲೆಸ್ಟೀನಿನಲ್ಲಿ ಸತ್ತ ಸುಮಾರು 4,000 ಭಾರತೀಯರ ಸ್ಮಾರಕ ಕೈರೋ ಬಳಿಯ ಹೀಲಿಯೊಪೊಲಿಸ್‌ನಲ್ಲಿದೆ. ಸಂಸ್ಥಾನದ ಸೈನ್ಯದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಮೈಸೂರಿನ ವಿಭಾಗೀಯ ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣ. ಬ್ರಿಗೇಡಿನ ಯುದ್ಧ ದಿನಚರಿ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಸೈಸರ ಹೆಸರು ಅವುಗಳಲ್ಲಿ ಅಪರೂಪ. ಆದರೆ ದಳ ಯಾವ ದಿನ ಎಲ್ಲಿತ್ತೆಂದು ತಿಳಿದರೆ ಮನೆಯ ಮನಿಆರ್ಡರ್ ತಾರೀಖುಗಳ ಪಕ್ಕದಲ್ಲಿ ಅದನ್ನಿಟ್ಟು ಓದಬಹುದು. ಎಲ್ಲಕ್ಕಿಂತ ಮೊದಲು ಮನೆಯ ಕ್ರಯಪತ್ರ, ಭೋಗ್ಯಪತ್ರ, ಕಂದಾಯ ರಸೀದಿಗಳನ್ನು ಬಿಡಿಸಿ. ಯುದ್ಧಕ್ಕೆ ಹೋದದ್ದೇಕೆಂದು ಯುದ್ಧದ ಕಾಗದ ಹೇಳುವುದಿಲ್ಲ, ಜಮೀನಿನ ಕಾಗದ ಹೇಳುತ್ತದೆ.

ಲಾಹೋರ್ ಮ್ಯೂಸಿಯಮ್ಮಿನಲ್ಲಿ ಧೂಳು ತಿನ್ನುತ್ತಿದ್ದ ಪಂಜಾಬಿನ ರಿಜಿಸ್ಟರುಗಳಲ್ಲಿ ಮೊದಲ ಮಹಾಯುದ್ಧಕ್ಕೆ ಹೋದ 3,20,000 ಮಂದಿಯ ವಿವರ ಊರುವಾರು ಇತ್ತು. ಅದನ್ನು ಗಣಕಕ್ಕೆ ಏರಿಸುವ ಕೆಲಸ 2021ರಲ್ಲಿ ಬೆಳಕಿಗೆ ಬಂದಾಗ ಪ್ರಪಂಚದ ಮೂಲೆ ಮೂಲೆಯ ಪಂಜಾಬಿ ಕುಟುಂಬಗಳು ತಮ್ಮ ಮುತ್ತಾತಂದಿರನ್ನು ಕಂಡುಕೊಂಡವು. ಹಳೆಯ ಮೈಸೂರಿನ ಹೋಬಳಿ ಹೋಬಳಿಗೂ ಅಂಥ ಪಟ್ಟಿ ಬೇಕು. ಅದನ್ನು ಮಾಡಲು ದೊಡ್ಡ ಸಂಸ್ಥೆಯನ್ನು ಕಾಯಬೇಕಿಲ್ಲ. ಶಾಲೆಯ ಮೇಷ್ಟರು, ಹೈಸ್ಕೂಲಿನ ಮಕ್ಕಳು, ಗ್ರಂಥಾಲಯದ ಒಂದು ನೋಟುಬುಕ್ಕು ಸಾಕು. ಪಕ್ಕದ ಶಂಕರಘಟ್ಟದಲ್ಲೇ ಕುವೆಂಪು ವಿಶ್ವವಿದ್ಯಾಲಯವಿದೆ, ಇತಿಹಾಸ ಓದುವ ಹುಡುಗ ಹುಡುಗಿಯರಿದ್ದಾರೆ.

ಮಾವನ ಮೊಮ್ಮಗ ಪದವಿ ಓದುತ್ತಿದ್ದಾನೆ. ಆ ಪಟ್ಟಿಯ ಮೊದಲ ಪುಟ ಬರೆದವನು ಅವನು. ಹೆಸರು, ತಂದೆಯ ಹೆಸರು, ಮುಳುಗಿದ ಊರಿನ ಹೆಸರು, ದಳ, ದರ್ಜೆ: ಸೈಸ್. ‘ಸೇರಿದ ಕಾರಣ’ ಎಂಬ ಕಾಲಮನ್ನು ಅವನೇ ಹೊಸದಾಗಿ ಗೆರೆ ಎಳೆದು ಸೇರಿಸಿದ. ಯಾವ ಸರ್ಕಾರದ ನಮೂನೆಯಲ್ಲೂ ಆ ಕಾಲಂ ಇಲ್ಲ. ಮಾವ ಹೇಳಿದ್ದನ್ನೂ ಬರೆದ, ಭೋಗ್ಯಪತ್ರ ಹೇಳಿದ್ದನ್ನೂ ಬರೆದ. ಲಕ್ಕವಳ್ಳಿ ಹೋಬಳಿಯ ಉಳಿದ ಮನೆಗಳವರೂ ತಮ್ಮ ಅಟ್ಟದ ಟ್ರಂಕು ಇಳಿಸಿ ಮುಂದಿನ ಸಾಲು ತುಂಬಿಸಲಿ ಎಂದು ಕೈಮುಗಿದು ಕೇಳುತ್ತೇನೆ.